ಅಂಗೈ ಯಂತ್ರಕ್ಕೆ ಸಿಕ್ಕಿಸುವ ಕಣ್ಣು



ಇವತ್ತು ನಾನು ಮಾತಾಡಬೇಕೆಂದಿರುವುದು ಹೆಬ್ಬೆರಳಿನ ಗಾತ್ರದ ಒಂದು ಸಾಮಾನಿನ ಬಗ್ಗೆ. ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಹೊರಗಿನಿಂದ ಸಿಕ್ಕಿಸುವ ಕ್ಯಾಮೆರಾ ಅದು. ಇಪ್ಪತ್ತೈದು ವರ್ಷಗಳ ಹಿಂದೆ ಪಾಮ್ ಆರ್ಗನೈಸರ್ ಇಟ್ಟುಕೊಂಡಿದ್ದವರು 'ಇದನ್ನು ಕೊಳ್ಳೋಣವೇ' ಎಂದು ಕೇಳುತ್ತಿದ್ದರು. ಇವತ್ತು ಅದೇ ಪ್ರಶ್ನೆಯನ್ನು ಮೊಬೈಲಿಗೆ ಸಿಕ್ಕಿಸುವ ಲೆನ್ಸ್, ಯುಎಸ್‌ಬಿ ಕ್ಯಾಮೆರಾ, ಪುಟ್ಟ ಸೂಕ್ಷ್ಮದರ್ಶಕಗಳ ಬಗ್ಗೆ ಕೇಳುತ್ತಾರೆ. ನಾನು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿದವನು. ಹೀಗಾಗಿ ಬೀದಿಯ ಮಕ್ಕಳು, ಹಳೆಯ ವಿದ್ಯಾರ್ಥಿಗಳು, ಅವರ ನೆಂಟರು ಇಂಥವನ್ನು ತಂದು ತೋರಿಸಿ ಅಭಿಪ್ರಾಯ ಕೇಳುವುದು ರೂಢಿ. ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡಲಾಗುವುದಿಲ್ಲ. ಆದರೆ ಉತ್ತರ ಹುಡುಕಲು ನಾನು ದೂರ ಹೋಗಬೇಕಾಗಿಯೂ ಇಲ್ಲ. ನಾನಿರುವುದು ಬೆಂಗಳೂರಿನ ಕೊಡಿಗೇಹಳ್ಳಿಯಲ್ಲಿ. ಒಂದು ಕಡೆ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ, ಯಶವಂತಪುರದ ಕಡೆಗೆ ಭಾರತೀಯ ವಿಜ್ಞಾನ ಸಂಸ್ಥೆ, ಬಳ್ಳಾರಿ ರಸ್ತೆಯ ಕಡೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ, ಹೆಬ್ಬಾಳದಲ್ಲಿ ಕೀಟಗಳ ರಾಷ್ಟ್ರೀಯ ಸಂಸ್ಥೆ. ನಮ್ಮ ನಾಡಿನದೇ ಒಂದು ಅಂಗೈ ಕಂಪ್ಯೂಟರ್ ಹುಟ್ಟಿದ್ದು, ಅದಕ್ಕೆ ಕಣ್ಣು ಯಾಕೆ ಬೇಕು ಎಂಬುದು ನನಗೆ ಅರ್ಥವಾದದ್ದು, ಎರಡೂ ಈ ಸುತ್ತಳತೆಯೊಳಗೇ.

ಮೊದಲು ಹಳೆಯ ಸಂಗತಿ ಹೇಳಿಬಿಡುತ್ತೇನೆ. 2000ನೇ ಇಸವಿಯ ಆಸುಪಾಸಿನಲ್ಲಿ ಅಮೆರಿಕಕ್ಕೆ ಕೆಲಸದ ಮೇಲೆ ಹೋಗಿಬಂದ ನಮ್ಮ ಎಂಜಿನಿಯರುಗಳ ಜೇಬಿನಲ್ಲಿ ಪಾಮ್ ಅಥವಾ ವೈಸರ್ ಎಂಬ ಆರ್ಗನೈಸರ್ ಕಾಣಿಸುತ್ತಿತ್ತು. ವಿಳಾಸ, ದಿನಚರಿ, ಮಾಡಬೇಕಾದ ಕೆಲಸಗಳ ಪಟ್ಟಿ, ಚಿಕ್ಕಪುಟ್ಟ ಟಿಪ್ಪಣಿ ಇಷ್ಟಕ್ಕೆಂದೇ ಮಾಡಿದ ಯಂತ್ರ. ಕಡ್ಡಿಯಂಥ ಪೆನ್ನಿನಿಂದ ಗೀಚಿ ಬರೆಯಬೇಕು. 16 ಮೆಗಾಹರ್ಟ್ಸ್ ವೇಗದ ಪ್ರೊಸೆಸರ್, 2ರಿಂದ 8 ಮೆಗಾಬೈಟ್ ನೆನಪು, ಎರಡು ಸಣ್ಣ ಬ್ಯಾಟರಿ ಸೆಲ್ಲು. ಪಾಮ್ ಕಟ್ಟಿದ ಜೆಫ್ ಹಾಕಿನ್ಸ್ ಮತ್ತು ಡೋನಾ ಡುಬಿನ್ಸ್ಕಿ ಆ ಕಂಪನಿಯಿಂದ ಹೊರಬಂದು ಹ್ಯಾಂಡ್‌ಸ್ಪ್ರಿಂಗ್ ಕಂಪನಿ ಕಟ್ಟಿ, 1999ರಲ್ಲಿ ವೈಸರ್ ಬಿಡುಗಡೆ ಮಾಡಿದರು. ಅದರ ಬೆನ್ನಿಗೆ ಸ್ಪ್ರಿಂಗ್‌ಬೋರ್ಡ್ ಎಂಬ ಗೂಡು ಇತ್ತು. ಆ ಗೂಡಿಗೆ ಮೋಡೆಮ್ ಹಾಕಬಹುದು, ದಾರಿ ತೋರಿಸುವ ಜಿಪಿಎಸ್ ಹಾಕಬಹುದು, ಕ್ಯಾಮೆರಾ ಕೂಡ ಹಾಕಬಹುದು.

ಆ ಕ್ಯಾಮೆರಾದ ಹೆಸರು ಐಮಾಡ್ಯೂಲ್. 2000ದಲ್ಲಿ ಬಂತು. ಬೆಲೆ ಸುಮಾರು 150 ಡಾಲರ್. ವೈಸರಿನ ಅತಿ ಅಗ್ಗದ ಮಾದರಿಯ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು, 149 ಡಾಲರ್. ಅಂದರೆ ಯಂತ್ರಕ್ಕೆ ಕೊಟ್ಟಷ್ಟೇ ದುಡ್ಡನ್ನು ಅದರ ಕಣ್ಣಿಗೂ ಕೊಡಬೇಕಿತ್ತು. ಚಿತ್ರದ ಅಳತೆ ಅಡ್ಡಕ್ಕೆ 320, ಉದ್ದಕ್ಕೆ 240 ಚುಕ್ಕಿ. ಕೊಡಾಕ್ ಕಂಪನಿಯ ಪಾಮ್‌ಪಿಕ್ಸ್ ಪಾಮ್ ಯಂತ್ರದ ಬುಡಕ್ಕೆ ಸಿಕ್ಕಿಸುವಂಥದು. ಅದರಲ್ಲಿ 640 ಮತ್ತು 480 ಚುಕ್ಕಿ, ಒಟ್ಟು ಮೂರು ಲಕ್ಷ ಚಿಲ್ಲರೆ. ಇವತ್ತು ಸಾಧಾರಣ ಮೊಬೈಲಿನಲ್ಲೂ ಐದು ಕೋಟಿ ಚುಕ್ಕಿಯ ಸಂವೇದಕ ಇರುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ.

ಚಿತ್ರ ಚೆನ್ನಾಗಿ ಬರುತ್ತಿರಲಿಲ್ಲ, ಅದಕ್ಕೆ ಕಾರಣವೂ ಸರಳ. ಲೆನ್ಸ್ ಕಡಲೆಕಾಳಿನಷ್ಟು, ಫೋಕಸ್ ಬದಲಾಯಿಸುವಂತಿಲ್ಲ, ಫ್ಲ್ಯಾಶ್ ಇಲ್ಲ. ಮನೆಯೊಳಗೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ತೆಗೆದರೆ ಮುಖದ ಮೇಲೆಲ್ಲ ಬಣ್ಣದ ಕಾಳುಕಾಳು. ಚುಕ್ಕಿಗೆ ಮೂರು ಬೈಟಿನಂತೆ ಲೆಕ್ಕ ಹಾಕಿದರೆ ಮೂರು ಲಕ್ಷ ಚುಕ್ಕಿಗೆ ಒಂಬತ್ತು ಲಕ್ಷ ಬೈಟ್ ಬೇಕು. ಅಡಕಗೊಳಿಸದಿದ್ದರೆ 8 ಮೆಗಾಬೈಟಿನ ಇಡೀ ಯಂತ್ರದಲ್ಲಿ ಎಂಟೊಂಬತ್ತು ಚಿತ್ರಕ್ಕೆ ಜಾಗ ಮುಗಿಯಿತು, ವಿಳಾಸಗಳಿಗೆ ಎಡೆಯೇ ಇಲ್ಲ. ಅಡಕಗೊಳಿಸೋಣ ಎಂದರೆ 16 ಮೆಗಾಹರ್ಟ್ಸಿನ ಬಡ ಪ್ರೊಸೆಸರ್ ಅದಕ್ಕೆ ಏದುಸಿರು ಬಿಡಬೇಕು, ಸೆಲ್ಲು ಬೇಗ ಖಾಲಿಯಾಗಬೇಕು.

ಹಾಗಾದರೆ ಅದನ್ನು ಕೊಂಡವರೆಲ್ಲ ದುಡ್ಡು ದಂಡ ಮಾಡಿಕೊಂಡರೇ? ನಾನು ಹಾಗೆ ಹೇಳುವುದಿಲ್ಲ. ಮದುವೆ ಮನೆಯ ಫೋಟೋ ತೆಗೆಯಲು ಕೊಂಡವರಿಗೆ ನಷ್ಟವಾಯಿತು. ಆದರೆ ಗೋದಾಮಿನಲ್ಲಿ ಬಿರುಕು ಬಿಟ್ಟ ಪೆಟ್ಟಿಗೆಯ ಚಿತ್ರ ತೆಗೆದು 'ಇಂಥ ದಿನ, ಇಂಥ ಲಾರಿಯಲ್ಲಿ ಬಂದದ್ದು' ಎಂದು ಅಲ್ಲೇ ಬರೆದಿಟ್ಟವರಿಗೆ, ಮನೆ ಬಾಡಿಗೆಗೆ ಕೊಡಿಸುವವರಿಗೆ, ವಿಮೆ ಕಂಪನಿಯ ಪರವಾಗಿ ಗುದ್ದಿದ ಕಾರು ನೋಡಲು ಹೋಗುವವರಿಗೆ ಆ ಮಂಕು ಚಿತ್ರವೂ ಸಾಕಾಗುತ್ತಿತ್ತು. ಆರ್ಗನೈಸರ್ ಎಂದರೆ ದಾಖಲೆಯ ಪುಸ್ತಕ. ಅದಕ್ಕೆ ಸಿಕ್ಕಿಸಿದ ಕ್ಯಾಮೆರಾದಿಂದ ದಾಖಲೆಯ ಚಿತ್ರವನ್ನೇ ನಿರೀಕ್ಷಿಸಬೇಕು. ಚಿತ್ರದ ಪಕ್ಕದಲ್ಲಿ ಹೆಸರು, ಜಾಗ, ತಾರೀಖು ಕೂತರೆ ಅದರ ಬೆಲೆ ಹೆಚ್ಚುತ್ತದೆ. ನನ್ನ ಮಾತಿನ ತಿರುಳು ಇದು, ಮುಂದೆ ಹೇಳುವುದೆಲ್ಲ ಇದಕ್ಕೇ ಬಂದು ಸೇರುತ್ತದೆ.

ಆ ಕ್ಯಾಮೆರಾಗಳು ಮಾಯವಾದದ್ದು ಚಿತ್ರ ಮಂಕಾಗಿತ್ತು ಎಂಬ ಒಂದೇ ಕಾರಣಕ್ಕೆ ಅಲ್ಲ. ಅವುಗಳ ಕೊಂಡಿಯೇ ಅವಕ್ಕೆ ಮುಳುವಾಯಿತು. ಸ್ಪ್ರಿಂಗ್‌ಬೋರ್ಡ್ ಗೂಡು ವೈಸರಿಗೆ ಮಾತ್ರ ಇತ್ತು. 2001ರಲ್ಲಿ ಬಂದ ತೆಳುವಾದ ವೈಸರ್ ಎಡ್ಜ್ ಮಾದರಿಗೆ ಅದನ್ನು ಕೂರಿಸಲು ಬೇರೆ ಕವಚ ತೊಡಿಸಬೇಕಾಯಿತು. ಅದೇ ಕಂಪನಿ 2002ರಲ್ಲಿ ಟ್ರಿಯೋ ಎಂಬ ಫೋನು ತಂದಾಗ ಗೂಡೇ ಇರಲಿಲ್ಲ. 2003ರಲ್ಲಿ ಹ್ಯಾಂಡ್‌ಸ್ಪ್ರಿಂಗ್ ಮತ್ತೆ ಪಾಮ್ ಜೊತೆ ಸೇರಿಹೋಯಿತು, ಟ್ರಿಯೋ 600 ಮಾದರಿಯ ಒಡಲಲ್ಲೇ ಕ್ಯಾಮೆರಾ ಬಂತು. ಅತ್ತ ನೋಕಿಯಾ 7650 ಬಂದದ್ದು 2002ರಲ್ಲಿ, ಕ್ಯಾಮೆರಾ ಒಳಗೇ ಇಟ್ಟುಕೊಂಡು. ಅದೇ ವರ್ಷದ ಸೋನಿ ಎರಿಕ್ಸನ್ ಟಿ68ಐ ಫೋನಿಗೆ ಬುಡದಲ್ಲಿ ಸಿಕ್ಕಿಸುವ ಪುಟ್ಟ ಕ್ಯಾಮೆರಾ ಇತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ಅದನ್ನು ಕೇಳುವವರಿಲ್ಲ.

ನನ್ನ ಗೆಳೆಯರೊಬ್ಬರು ಆಸ್ತಿಗಳ ಮೌಲ್ಯ ಕಟ್ಟುವ ಕೆಲಸದವರು. ಅವರು ಆ ಕಾಲದ ಒಂದು ಆರ್ಗನೈಸರಿಗೆ ಸಿಕ್ಕಿಸುವ ಕ್ಯಾಮೆರಾ ತರಿಸಿಕೊಂಡಿದ್ದರು. ಯಂತ್ರ ಕೆಟ್ಟಿತು. ಹೊಸ ಯಂತ್ರ ಕೊಂಡರು. ಕ್ಯಾಮೆರಾ ಚೆನ್ನಾಗಿಯೇ ಇತ್ತು, ಸಿಕ್ಕಿಸಲು ಜಾಗವಿಲ್ಲ. ಕೊನೆಗೆ ಅದು ಮೇಜಿನ ಖಾನೆ ಸೇರಿತು. ಇದು ಯಾವುದೋ ಒಂದು ಕಂಪನಿಯ ತಪ್ಪು ಎಂದು ನಾನು ಹೇಳುತ್ತಿಲ್ಲ. ಆಗ ಎಲ್ಲರದೂ ತಮ್ಮತಮ್ಮದೇ ಕೊಂಡಿ. ಇವತ್ತಿಗೂ ಕೊಳ್ಳುವ ಮುನ್ನ ನೋಡಬೇಕಾದ ಮೊದಲ ಸಂಗತಿ ಇದೇ. ಒಂದೇ ಮಾದರಿಯ ಫೋನಿಗೆ ಅಚ್ಚುಕಟ್ಟಾಗಿ ಕೂರುವಂತೆ ಮಾಡಿದ ಕ್ಯಾಮೆರಾ ಆ ಫೋನಿನ ಜೊತೆಗೇ ಸಾಯುತ್ತದೆ. ಟೈಪ್-ಸಿ ಯುಎಸ್‌ಬಿ ಎಲ್ಲರೂ ಒಪ್ಪಿಕೊಂಡ ಕೊಂಡಿ, ಅದಕ್ಕೆ ಸ್ವಲ್ಪ ಆಯಸ್ಸು ಹೆಚ್ಚು. ಬರೀ ಗಾಜಿನ ಲೆನ್ಸಿಗೆ ಕ್ಲಿಪ್ ಹಾಕಿದ್ದರೆ ಅದರಲ್ಲಿ ತಂತಿಯಿಲ್ಲ, ತಂತ್ರಾಂಶವಿಲ್ಲ, ಹತ್ತು ಫೋನು ಬದಲಾಯಿಸಿದರೂ ಅದು ಬದುಕುತ್ತದೆ.

ಈಗ ನಮ್ಮದೇ ಊರಿನ ಅಂಗೈ ಕಂಪ್ಯೂಟರಿಗೆ ಬರುತ್ತೇನೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ನಾಲ್ವರು ಪ್ರಾಧ್ಯಾಪಕರು, ಎನ್‌ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆ ಮತ್ತು ಅವರ ಸಂಗಡಿಗರು ಸೇರಿ ರೂಪಿಸಿದ್ದು ಸಿಂಪ್ಯೂಟರ್. 2001ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಅದನ್ನು ಲೋಕಕ್ಕೆ ತೋರಿಸಿದರು. ಪಾಮ್ ಯಂತ್ರವನ್ನು ಸೂಟು ತೊಟ್ಟವರ ಜೇಬಿಗೆಂದು ಮಾಡಿದ್ದರೆ, ಇದನ್ನು ಹಳ್ಳಿಯ ಜನ ಹಂಚಿಕೊಂಡು ಬಳಸಲೆಂದು ಮಾಡಿದರು. ಪ್ರತಿಯೊಬ್ಬರೂ ತಮ್ಮ ಸ್ಮಾರ್ಟ್ ಕಾರ್ಡ್ ತೂರಿಸಿದರೆ ಅವರವರ ಮಾಹಿತಿ ಅವರವರಿಗೆ. ಒಳಗೆ ಲಿನಕ್ಸ್. ಓದಲು ಬಾರದವರಿಗೆ ಕನ್ನಡದಲ್ಲೇ ಓದಿ ಹೇಳುವ ಧ್ವನಿ ಎಂಬ ತಂತ್ರಾಂಶ. 2004ರ ಏಪ್ರಿಲ್‌ನಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು, ತಯಾರಿಸಿದ್ದು ನಮ್ಮ ಬಿಇಎಲ್. ಕಪ್ಪುಬಿಳುಪು ಪರದೆಯದು ಹತ್ತು ಸಾವಿರ ರೂಪಾಯಿಯ ಒಳಗೆ, ಬಣ್ಣದ ಪರದೆಯದು ಇಪ್ಪತ್ತು ಸಾವಿರದ ಸುಮಾರಿಗೆ. ಯಂತ್ರವನ್ನು ಓರೆ ಮಾಡಿದರೆ ಅದಕ್ಕೆ ಗೊತ್ತಾಗುತ್ತಿತ್ತು, ಒಳಗೆ ಚಲನೆ ಅಳೆಯುವ ಸಂವೇದಕ ಇತ್ತು. ಐಫೋನ್ ಬಂದದ್ದು ಅದಾಗಿ ಮೂರು ವರ್ಷಕ್ಕೆ.

ಮಾರಾಟ ಮಾತ್ರ ಕೈಕೊಟ್ಟಿತು. ಮೊದಲ ವರ್ಷ 50,000 ಯಂತ್ರದ ಗುರಿ ಇಟ್ಟುಕೊಂಡಲ್ಲಿ ಹೋದದ್ದು 4,000ದ ಸುಮಾರು. ಆ ಪ್ರಯತ್ನದ ಬಗ್ಗೆ ನನಗೆ ಗೌರವ ಇದೆ, ಅದರ ನೆನಪು ಮಸುಕಾದದ್ದರ ಬಗ್ಗೆ ಬೇಸರವೂ ಇದೆ. ಜಾಲಹಳ್ಳಿ ಕಡೆಯ ಎಷ್ಟೋ ಮನೆಗಳ ಮಕ್ಕಳಿಗೆ ಇವತ್ತು ಆ ಹೆಸರೇ ಗೊತ್ತಿಲ್ಲ.

ಸಿಂಪ್ಯೂಟರಿನ ಒಂದು ಬಳಕೆ ನಮ್ಮ ಇವತ್ತಿನ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟದ್ದು. ಕರ್ನಾಟಕ ಸರ್ಕಾರ ಭೂಮಿ ಯೋಜನೆಯಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಎರಡು ಕೋಟಿ ದಾಖಲೆ, ಅರವತ್ತೇಳು ಲಕ್ಷ ರೈತರು. ಹೊಲದ ಮಾಹಿತಿಯನ್ನು ಅಲ್ಲೇ ನಿಂತು ತುಂಬಿಸಿಕೊಳ್ಳಲು ಸಿಂಪ್ಯೂಟರ್ ಬಳಸಿದ್ದೂ ಉಂಟು. ಪಹಣಿ ನೋಡಿದವರಿಗೆ ಗೊತ್ತು, ಅದರಲ್ಲಿ ಬೆಳೆಯ ಕಲಂ ಒಂದು ಇದೆ. ಆ ಕಲಂ ತಪ್ಪಾದರೆ ಬೆಳೆ ಸಾಲ, ವಿಮೆ, ಬರ ಪರಿಹಾರ, ಬೆಂಬಲ ಬೆಲೆಯ ಖರೀದಿ ಎಲ್ಲದರಲ್ಲೂ ರೈತನಿಗೆ ಪೆಟ್ಟು. ರಾಗಿ ಬೆಳೆದವನ ಪಹಣಿಯಲ್ಲಿ ನೀಲಗಿರಿ ಅಂತ ಇದ್ದರೆ ಅವನು ಯಾರ ಹತ್ತಿರ ಹೋಗಿ ಸಾಬೀತು ಮಾಡಬೇಕು? ಸಿಂಪ್ಯೂಟರಿನ ಒಡಲಲ್ಲಿ ಕ್ಯಾಮೆರಾ ಇರಲಿಲ್ಲ. ಗ್ರಾಮಲೆಕ್ಕಿಗರು ಏನು ಬರೆದರೋ ಅದೇ ಸಾಕ್ಷಿ. ಆಗ ಆ ಯಂತ್ರಕ್ಕೆ ಒಂದು ಮಂಕು ಕಣ್ಣಿದ್ದಿದ್ದರೂ ಸಾಕಿತ್ತು. 320 ಅಡ್ಡ, 240 ಉದ್ದದ ಚಿತ್ರದಲ್ಲೂ ರಾಗಿ ಯಾವುದು, ನೀಲಗಿರಿ ಯಾವುದು ಎಂದು ಯಾರು ಬೇಕಾದರೂ ಹೇಳಬಹುದು.

ಆ ಕಣ್ಣು ಬಂದದ್ದು ಆಮೇಲೆ, ಬೇರೆ ದಾರಿಯಲ್ಲಿ. 2017ರಿಂದ ರಾಜ್ಯದಲ್ಲಿ ಬೆಳೆ ಸಮೀಕ್ಷೆಗೆ ಮೊಬೈಲ್ ಆ್ಯಪ್ ಬಳಕೆಗೆ ಬಂತು. ಸರ್ವೆ ನಂಬರಿಗೆ ಹೋಗಿ, ತಾಕಿನಲ್ಲಿ ನಿಂತು, ಬೆಳೆಯ ಚಿತ್ರ ತೆಗೆದು ಏರಿಸಬೇಕು. ಎಲ್ಲಿ ನಿಂತು ತೆಗೆದದ್ದು ಎಂಬುದನ್ನು ಜಿಪಿಎಸ್ ಹೇಳುತ್ತದೆ. 2020ರ ಮುಂಗಾರಿನಲ್ಲಿ ಈ ಕೆಲಸವನ್ನು ರೈತರ ಕೈಗೇ ಕೊಟ್ಟರು, ತಮ್ಮ ಬೆಳೆಯ ಚಿತ್ರವನ್ನು ತಾವೇ ಏರಿಸಲು ಆ್ಯಪ್ ಬಂತು. ನೆಟ್‌ವರ್ಕ್ ಸಿಗದ ಊರುಗಳ ತೊಂದರೆ, ಫೋನಿಲ್ಲದವರ ತೊಂದರೆ ಇದ್ದೇ ಇವೆ. ಆದರೂ ನೋಡಿ, ಚಿತ್ರ ಒಂಟಿಯಾಗಿ ಇಲ್ಲ. ಸರ್ವೆ ನಂಬರು, ಹೆಸರು, ದಿನ, ಜಾಗ ಅದರ ಬೆನ್ನಿಗಿವೆ. ಆರ್ಗನೈಸರಿಗೆ ಕ್ಯಾಮೆರಾ ಸಿಕ್ಕಿಸಿದವರು ಕಂಡ ಆಸೆ ನಮ್ಮ ಹೊಲಗಳಲ್ಲಿ ಈ ರೂಪದಲ್ಲಿ ಕೈಗೂಡಿತು ಎಂದು ನಾನು ನಂಬುತ್ತೇನೆ.

ಹಾಗಿದ್ದ ಮೇಲೆ ಇವತ್ತು ಮತ್ತೊಂದು ಕಣ್ಣನ್ನು ಹೊರಗಿನಿಂದ ಸಿಕ್ಕಿಸುವ ಅಗತ್ಯ ಎಲ್ಲಿ ಬರುತ್ತದೆ? ಈ ಪ್ರಶ್ನೆ ತಂದವಳು ನಮ್ಮ ಬೀದಿಯಲ್ಲಿ ಬಾಡಿಗೆಗಿದ್ದ ಒಬ್ಬ ಹುಡುಗಿ, ಜಿಕೆವಿಕೆಯಲ್ಲಿ ಕೃಷಿ ಪದವಿಯ ಕೊನೆಯ ವರ್ಷದಲ್ಲಿದ್ದಳು. ಕೊನೆಯ ವರ್ಷದವರನ್ನು ಹಳ್ಳಿಯಲ್ಲಿ ಇದ್ದು ಕಲಿಯಲು ಕಳಿಸುತ್ತಾರೆ. ಹೊರಡುವ ಮುಂಚೆ ಬಂದು ಫೋನಿನಲ್ಲಿ ಒಂದು ಕ್ಲಿಪ್ ಲೆನ್ಸಿನ ಚಿತ್ರ ತೋರಿಸಿ, 'ಸರ್, ಇದು ತಗೊಳ್ಳೋದಾ, ಬೇಡ್ವಾ?' ಅಂದಳು.

'ಏತಕ್ಕಮ್ಮ ಬೇಕು?' ಅಂದೆ.

'ಹುಳ ನೋಡೋಕೆ ಸರ್. ರೈತರು ಕೈಯಲ್ಲಿ ಹಿಡ್ಕೊಂಡು ಬಂದು ಇದ್ಯಾವುದು ಅಂತಾರೆ. ಫೋನಲ್ಲಿ ತೆಗೆದು ನಮ್ಮ ಮೇಡಂಗೆ ಕಳಿಸಿದ್ರೆ, ತಲೆ ಕಾಣ್ತಿಲ್ಲ, ಇನ್ನೊಂದು ಕಳಿಸು ಅಂತಾರೆ.'

ಆ 'ತಲೆ ಕಾಣ್ತಿಲ್ಲ' ಎಂಬ ಮಾತಿನಲ್ಲಿ ದೊಡ್ಡ ವಿಷಯ ಇದೆ. 2018ರ ಮೇ ತಿಂಗಳಲ್ಲಿ ಶಿವಮೊಗ್ಗ ಕಡೆಯ ಮೆಕ್ಕೆಜೋಳದಲ್ಲಿ ಒಂದು ಹೊಸ ಹುಳ ಸಿಕ್ಕಿತು. ಅಮೆರಿಕ ಖಂಡದ್ದು, ಆಫ್ರಿಕಾ ಸುತ್ತಿ ಬಂದಿತ್ತು. ಫಾಲ್ ಸೈನಿಕ ಹುಳು ಎನ್ನುತ್ತಾರೆ, ರೈತರ ಬಾಯಲ್ಲಿ ಲದ್ದಿ ಹುಳು. ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು ನಮ್ಮ ರಾಜ್ಯದಲ್ಲಿಯೇ. ಹೆಬ್ಬಾಳದ ಕೀಟ ಸಂಸ್ಥೆಯವರೂ ಆ ವರ್ಷ ಎಚ್ಚರಿಕೆ ಹೊರಡಿಸಿದರು. ಒಂದೆರಡು ವರ್ಷದೊಳಗೆ ಅದು ದೇಶದ ಬಹುಭಾಗಕ್ಕೆ ಹಬ್ಬಿತು. ಮೆಕ್ಕೆಜೋಳದ ಸುಳಿಯೊಳಗೆ ಕೂತು ತಿನ್ನುತ್ತದೆ, ಹೊರಗೆ ಮರದ ಹೊಟ್ಟಿನಂಥ ಒದ್ದೆ ಹಿಕ್ಕೆ ಕಾಣಿಸುತ್ತದೆ. ಆದರೆ ಸುಳಿ ತಿನ್ನುವ ಹುಳ ಇದೊಂದೇ ಅಲ್ಲ, ಬೇರೆ ಸೈನಿಕ ಹುಳುಗಳೂ ಇವೆ, ಕಾಂಡ ಕೊರೆಯುವ ಹುಳವೂ ಇದೆ. ಔಷಧಿ, ಹೊಡೆಯುವ ಸಮಯ, ಹೊಡೆಯುವ ಜಾಗ ಎಲ್ಲ ಹುಳ ಯಾವುದು ಎಂಬುದರ ಮೇಲೆ ನಿಂತಿವೆ.

ಫಾಲ್ ಸೈನಿಕ ಹುಳುವಿನ ಗುರುತು ಎರಡು. ತಲೆಯ ಮುಂಭಾಗದಲ್ಲಿ ಬಿಳಿ ಗೆರೆ, ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗು ಮಾಡಿದಂತೆ. ಬಾಲದ ಕಡೆಯಿಂದ ಎರಡನೆಯ ಖಂಡದ ಮೇಲೆ ನಾಲ್ಕು ಕಪ್ಪು ಚುಕ್ಕಿ, ಚೌಕದ ನಾಲ್ಕು ಮೂಲೆಗೆ ಇಟ್ಟಂತೆ. ಬಲಿತ ಹುಳದ ಉದ್ದ ಮೂರು ನಾಲ್ಕು ಸೆಂಟಿಮೀಟರ್, ತಲೆಯ ಅಗಲ ಮೂರು ಮಿಲಿಮೀಟರಿನ ಹತ್ತಿರ. ಆ ಮೂರು ಮಿಲಿಮೀಟರಿನ ಮೇಲಿನ ಗೆರೆ ಚಿತ್ರದಲ್ಲಿ ಕಾಣಬೇಕು.

ಲೆಕ್ಕ ಹಾಕಿ ನೋಡೋಣ, ಕಷ್ಟದ ಲೆಕ್ಕವಲ್ಲ. ಫೋನಿನ ಲೆನ್ಸಿನ ಸಂಗಮ ದೂರ ಸುಮಾರು 5 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಹತ್ತು ಸೆಂಟಿಮೀಟರಿಗಿಂತ ಹತ್ತಿರ ಹಿಡಿದರೆ ಎಷ್ಟೋ ಫೋನುಗಳಿಗೆ ಫೋಕಸ್ ಸಿಗದು. ಅಷ್ಟು ದೂರದಿಂದ ತೆಗೆದರೆ ಹುಳದ ತಲೆ ಸಂವೇದಕದ ಮೇಲೆ ಇಪ್ಪತ್ತರಲ್ಲಿ ಒಂದು ಪಾಲಾಗಿ ಬೀಳುತ್ತದೆ. ಸಂವೇದಕದ ಒಂದು ಚುಕ್ಕಿ ಒಂದು ಮೈಕ್ರಾನ್ ಇದ್ದರೆ, ಇಡೀ ತಲೆಗೆ ಸಿಗುವುದು ನೂರೈವತ್ತು ಚುಕ್ಕಿ. ಈಗ 25 ಮಿಲಿಮೀಟರ್ ಸಂಗಮ ದೂರದ ಒಂದು ಲೆನ್ಸನ್ನು ಮುಂದೆ ಸಿಕ್ಕಿಸಿ, ಹುಳಕ್ಕೆ ಒಂದಂಗುಲ ಹತ್ತಿರ ಹೋಗಿ. ಐದನ್ನು ಇಪ್ಪತ್ತೈದರಿಂದ ಭಾಗಿಸಿದರೆ ಐದರಲ್ಲಿ ಒಂದು ಪಾಲು. ಅದೇ ತಲೆಗೆ ಆರು ನೂರು ಚುಕ್ಕಿ. ವೈ ಗೆರೆ ಎದ್ದು ಕಾಣುತ್ತದೆ. ಕೆಲವು ನೂರು ರೂಪಾಯಿಯ ಗಾಜು ಮಾಡುವ ಕೆಲಸ ಇದು, ಹೊಸ ಫೋನು ಕೊಳ್ಳಬೇಕಾಗಿಲ್ಲ.

'ತಗೋಮ್ಮ, ಆದರೆ ನೋಡಿ ತಗೋ' ಅಂದೆ. ಅವಳು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌.ಪಿ. ರಸ್ತೆಗೆ ಹೋಗಿ ತಂದಳು, ಇಬ್ಬರೂ ಕೂತು ಪರೀಕ್ಷೆ ಮಾಡಿದೆವು. ಹುಳ ಸಿಗಲಿಲ್ಲವಾದ್ದರಿಂದ ನಮ್ಮ ಮನೆಯ ಕರಿಬೇವಿನ ಗಿಡದ ಎಲೆ ತಂದೆವು. ಕ್ಲಿಪ್ಪನ್ನು ಕವರ್ ಮೇಲೆ ಹಾಕಿದರೆ ಲೆನ್ಸ್ ಓರೆಯಾಗುತ್ತದೆ, ಚಿತ್ರದ ಒಂದು ಮಗ್ಗುಲು ಮಂಜು. ಕವರ್ ತೆಗೆಯಬೇಕು. ಫೋನಿನ ಬೆನ್ನಿಗೆ ಮೂರು ಕಣ್ಣಿದ್ದರೆ ಯಾವುದು ಮುಖ್ಯ ಕ್ಯಾಮೆರಾ ಎಂದು ಬೆರಳು ಅಡ್ಡ ಹಿಡಿದು ಪತ್ತೆ ಮಾಡಿಕೊಂಡು ಅದರ ನೇರಕ್ಕೇ ಕೂರಿಸಬೇಕು. ಹತ್ತಿರ ಹೋದಂತೆ ಫೋನು ತಾನಾಗಿಯೇ ಇನ್ನೊಂದು ಕ್ಯಾಮೆರಾಕ್ಕೆ ಜಿಗಿಯುತ್ತದೆ, ಅದನ್ನು ಸೆಟ್ಟಿಂಗ್ಸಿನಲ್ಲಿ ನಿಲ್ಲಿಸಬೇಕು. ಒಂದಂಗುಲದಲ್ಲಿ ಫೋನಿನದೇ ನೆರಳು ಎಲೆಯ ಮೇಲೆ ಬೀಳುತ್ತದೆ, ಆದ್ದರಿಂದ ಪಕ್ಕದಿಂದ ಬಿಸಿಲು ಬರುವಂತೆ ತಿರುಗಿ ನಿಲ್ಲಬೇಕು. ಫೋಕಸ್ಸಿಗೆ ಪರದೆ ಒತ್ತುತ್ತ ಕೂರುವುದಕ್ಕಿಂತ ಫೋನನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುವುದು ಲೇಸು. ಗಾಳಿಗೆ ಎಲೆ ಅಲುಗಿದರೆ ಎಲ್ಲವೂ ಹೋಯಿತು. ಎಡಗೈಯ ಬೆರಳುಗಳಲ್ಲಿ ಎಲೆ ಹಿಡಿದು, ಅದೇ ಬೆರಳಿನ ಮೇಲೆ ಫೋನಿನ ಅಂಚು ಊರಿದಾಗ ಎರಡೂ ಒಟ್ಟಿಗೆ ಅಲುಗುತ್ತವೆ, ಚಿತ್ರ ಸ್ಪಷ್ಟವಾಗುತ್ತದೆ. ಎಲೆಯ ಬೆನ್ನಿನಲ್ಲಿ ಒಂದು ಪುಟ್ಟ ಹೇನು ಕಾಲು ಮಡಚಿ ಕೂತಿದ್ದು ಕಂಡಾಗ ಆ ಹುಡುಗಿ 'ಅಯ್ಯೋ ಸರ್, ಇದರ ಮೀಸೆ ನೋಡಿ!' ಎಂದು ಕೂಗಿದಳು.

ಲೆನ್ಸಿನ ಮಿತಿಯನ್ನೂ ಹೇಳಬೇಕು. 2021-22ರ ಹೊತ್ತಿಗೆ ಬಳ್ಳಾರಿ, ರಾಯಚೂರು ಕಡೆ ಮೆಣಸಿನಕಾಯಿ ಬೆಳೆಯನ್ನು ಕಪ್ಪು ನುಸಿ ಹಾಳು ಮಾಡಿತು. ಹೂವಿನೊಳಗೆ ಸೇರುವ ಆ ಕೀಟದ ಉದ್ದ ಒಂದು ಮಿಲಿಮೀಟರಿನ ಸುಮಾರು. ನಮ್ಮ ಲೆಕ್ಕದಲ್ಲಿ ಅದಕ್ಕೆ ಸಿಗುವುದು ಇನ್ನೂರು ಚುಕ್ಕಿ. ನುಸಿ ಇದೆ, ಬಣ್ಣ ಕಪ್ಪು, ಒಂದು ಹೂವಿನಲ್ಲಿ ಇಷ್ಟಿವೆ ಎಂದು ಹೇಳಬಹುದು. ಯಾವ ಜಾತಿ ಎಂದು ತೀರ್ಮಾನಿಸಲು ಗಾಜಿನ ಪಟ್ಟಿಯ ಮೇಲಿಟ್ಟು ನಿಜವಾದ ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ಪೆಟ್ಟಿಗೆಯ ಮೇಲೆ 1000 ಪಟ್ಟು, 1600 ಪಟ್ಟು ಎಂದು ಬರೆದ ಅಗ್ಗದ ಯುಎಸ್‌ಬಿ ಸೂಕ್ಷ್ಮದರ್ಶಕಗಳ ಮಾತಿಗೆ ಮರುಳಾಗಬೇಡಿ. ಪರದೆ ದೊಡ್ಡದು ಮಾಡಿದರೆ ಪಟ್ಟು ಹೆಚ್ಚುತ್ತದೆ, ವಿವರ ಹೆಚ್ಚುವುದಿಲ್ಲ. ಜೊತೆಗೆ ಬರುವ ಆ್ಯಪ್ ಮುಂದಿನ ವರ್ಷ ಹೊಸ ಆಂಡ್ರಾಯ್ಡಿನಲ್ಲಿ ತೆರೆದುಕೊಂಡೀತು ಎಂಬ ಭರವಸೆಯೂ ಇಲ್ಲ. ಉದ್ದ ಕೇಬಲಿನ ತುದಿಗೆ ಕ್ಯಾಮೆರಾ ಇರುವ ಮಾದರಿ ಬೇರೆ. ಪೈಪಿನೊಳಗೆ, ಎಂಜಿನ್ನಿನ ಸಂದಿಯಲ್ಲಿ ನೋಡಬೇಕಾದ ಪ್ಲಂಬರ್, ಮೆಕ್ಯಾನಿಕ್ಕುಗಳಿಗೆ ಅದು ಒಂದೇ ದಿನದಲ್ಲಿ ತನ್ನ ಖರ್ಚು ಹುಟ್ಟಿಸಿಕೊಡಬಲ್ಲದು.

ಬೆಂಗಳೂರಿನದೇ ಇನ್ನೊಂದು ಉದಾಹರಣೆ ಇದೆ. ಇಲ್ಲಿನ ರೆಮಿಡಿಯೋ ಎಂಬ ಸಂಸ್ಥೆ ಸ್ಮಾರ್ಟ್‌ಫೋನಿಗೆ ವಿಶೇಷ ಲೆನ್ಸು, ಬೆಳಕಿನ ಏರ್ಪಾಟು ಜೋಡಿಸಿ ಕಣ್ಣಿನ ಒಳಪರದೆಯ ಚಿತ್ರ ತೆಗೆಯುವ ಸಾಧನ ಮಾಡಿತು. ಸಕ್ಕರೆ ಕಾಯಿಲೆಯಿಂದ ರೆಟಿನಾಕ್ಕೆ ಆಗುವ ಹಾನಿಯನ್ನು ದೃಷ್ಟಿ ಹೋಗುವ ಮೊದಲೇ ಪತ್ತೆ ಮಾಡಲು ಅದು ನೆರವಾಗುತ್ತದೆ. ದೊಡ್ಡ ಫಂಡಸ್ ಕ್ಯಾಮೆರಾ ಇಲ್ಲದ ಊರಿಗೆ ಅದನ್ನು ಒಯ್ಯಬಹುದು. ಅಲ್ಲಿಯೂ ರೋಗಿಯ ಹೆಸರು, ಯಾವ ಕಣ್ಣು, ಯಾವ ದಿನ ಎಂಬ ವಿವರ ಚಿತ್ರದ ಜೊತೆ ಇರಲೇಬೇಕು, ಇಲ್ಲವಾದರೆ ವೈದ್ಯರಿಗೆ ಆ ಚಿತ್ರದಿಂದ ಉಪಯೋಗವಿಲ್ಲ.

ಹಾಗಾದರೆ ಯಾರು ಕೊಳ್ಳಬೇಕು? ಮನೆಯವರ ಫೋಟೋ, ಪ್ರವಾಸದ ಫೋಟೋ ತೆಗೆಯುವವರಿಗೆ ಏನೂ ಬೇಡ, ಫೋನಿನಲ್ಲಿರುವುದೇ ಧಾರಾಳ. 'ದೂರದ್ದು ಹತ್ತಿರ ಮಾಡುವ' ಅಗ್ಗದ ಟೆಲಿಲೆನ್ಸ್ ಕ್ಲಿಪ್ಪುಗಳನ್ನು ನಾನು ಯಾರಿಗೂ ಹೇಳುವುದಿಲ್ಲ, ಅಂಚೆಲ್ಲ ಕಲಸಿಹೋಗುತ್ತದೆ. ಫೋನಿನಲ್ಲೇ ಫೋಕಸ್ ಇರುವ ಒಳ್ಳೆಯ ಮ್ಯಾಕ್ರೋ ಇದ್ದರೆ ಕ್ಲಿಪ್ ಲೆನ್ಸೂ ಬೇಡ. ಆದರೆ ಬರೀ 2 ಮೆಗಾಪಿಕ್ಸೆಲಿನ ಮ್ಯಾಕ್ರೋ ಎಂದಿದ್ದರೆ ಅದನ್ನು ನಂಬಬೇಡಿ. ಹಳೆಯ ಪಾಮ್, ವೈಸರ್‌ಗಳನ್ನು ಕ್ಯಾಮೆರಾ ಸಮೇತ ಸಂಗ್ರಹಕ್ಕೆಂದು ಕೊಳ್ಳುವ ಹವ್ಯಾಸಿಗಳಿದ್ದಾರೆ. ಅವರಿಗೆ ನನ್ನ ಮಾತು ಇಷ್ಟೇ: ಕ್ಯಾಮೆರಾ ಚಿತ್ರ ತೆಗೆದರೆ ಸಾಲದು, ಆ ಚಿತ್ರವನ್ನು ಇವತ್ತಿನ ಕಂಪ್ಯೂಟರಿಗೆ ಇಳಿಸುವ ದಾರಿ ಕೊಡುವವರ ಬಳಿ ಇದೆಯೇ ಎಂದು ಕೇಳಿ, ಅವರೇ ಇಳಿಸಿ ತೋರಿಸಿದ ಮೇಲೆ ದುಡ್ಡು ಕೊಡಿ.

ಎಲೆ, ಹುಳ, ಬೀಜ, ನಾಣ್ಯ, ಸರ್ಕ್ಯೂಟ್ ಬೋರ್ಡು, ನೇಯ್ಗೆಯ ಎಳೆ, ಇಂಥವನ್ನು ನೋಡಿ ಇನ್ನೊಬ್ಬರಿಗೆ ತೋರಿಸಬೇಕಾದವರು ಮಾತ್ರ ಯೋಚಿಸದೆ ಕೊಳ್ಳಬಹುದು. ಪ್ಲಾಸ್ಟಿಕ್ಕಿಗಿಂತ ಗಾಜಿನದು ಮೇಲು. ಅಂಗಡಿಯಲ್ಲೇ ಒಂದು ನೋಟಿನ ಸಣ್ಣಕ್ಷರದ ಚಿತ್ರ ತೆಗೆದು ನಡುವೆಯೂ ಅಂಚಿನಲ್ಲೂ ಓದಿ ನೋಡಿ. ಕ್ಲಿಪ್ಪಿನ ಬಾಯಿಗೆ ರಬ್ಬರ್ ಇರಬೇಕು, ಇಲ್ಲದಿದ್ದರೆ ಪರದೆಗೆ ಗೀರು. ಹುಳದ ಚಿತ್ರ ಕಳಿಸುವಾಗ ಒಂದು ಚಿತ್ರ ಸಾಲದು. ಇಡೀ ಗಿಡದ್ದೊಂದು, ತಿಂದ ಭಾಗದ್ದೊಂದು, ಹುಳದ ತಲೆಯದು, ಬಾಲದ ಕಡೆಯದು. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ರೂಲರ್. ಊರು, ಬೆಳೆ, ಬಿತ್ತಿ ಎಷ್ಟು ದಿನವಾಯಿತು, ಏನು ಹೊಡೆದಿದ್ದೀರಿ ಎಂಬುದನ್ನು ಜೊತೆಗೆ ಬರೆಯಿರಿ.

ಆ ಹುಡುಗಿ ಹಳ್ಳಿಯಿಂದ ಕಳಿಸಿದ ಒಂದು ಚಿತ್ರದಲ್ಲಿ ತಲೆಕೆಳಗಾದ ವೈ ಗೆರೆ ಸ್ಪಷ್ಟವಾಗಿತ್ತು. ಅವಳ ಮೇಡಂ ಅವತ್ತೇ ಉತ್ತರ ಕೊಟ್ಟರಂತೆ, ಸಂಜೆಗೆ ಸುಳಿಯೊಳಗೆ ಹೇಗೆ ಸಿಂಪಡಿಸಬೇಕೆಂದು ರೈತರಿಗೆ ಹೇಳಲು ಆಯಿತಂತೆ.

ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ನಮ್ಮ ರಾಜ್ಯದಲ್ಲಿದೆ. ರೈತರು ಮೊದಲು ಹುಳ ಹಿಡಿದು ಬರುವುದು ಅಲ್ಲಿಗೇ. ಬೀಜ, ಔಷಧಿ, ಪಂಪುಗಳ ಜೊತೆಗೆ ಪ್ರತಿ ಕೇಂದ್ರಕ್ಕೂ ಇಂಥ ಒಂದೆರಡು ಗಾಜಿನ ಲೆನ್ಸುಗಳನ್ನು ಕೃಷಿ ಇಲಾಖೆ ಕೊಡಿಸಬೇಕು, ಅದನ್ನು ಹಿಡಿಯುವ ಬಗೆಯನ್ನು ಅಲ್ಲಿನ ಸಿಬ್ಬಂದಿಗೆ ಅರ್ಧ ದಿನ ಕೂರಿಸಿ ಹೇಳಿಕೊಡಬೇಕು. ಬರುವ ಮುಂಗಾರಿನ ಬಿತ್ತನೆಗೆ ಮುಂಚೆ ಆದರೆ ಒಳ್ಳೆಯದು, ಏಕೆಂದರೆ ಮೆಕ್ಕೆಜೋಳ ಮೊಳೆತ ಮೊದಲ ವಾರಗಳಲ್ಲೇ ಆ ಹುಳ ಸುಳಿಗೆ ಇಳಿಯುತ್ತದೆ.